1.33 ಅನ್ನು 1 ಮಾಡಬೇಡಿ: ಸೂತ್ರಗಳ ಲೆಕ್ಕದ ಬಗ್ಗೆ ಒಂದು ಮಾತು

(ಶಿವಮೊಗ್ಗದಲ್ಲಿ ಪಿಯು ಮತ್ತು ಬಿಎಸ್ಸಿ ವಿದ್ಯಾರ್ಥಿಗಳು, ಒಂದಿಷ್ಟು ಮೇಷ್ಟ್ರುಗಳು, ಮಕ್ಕಳ ಜೊತೆ ಬಂದಿದ್ದ ತೋಟದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಅಲ್ಲಿ ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲೇ ಹೇಳಿದ್ದೇನೆ. ಸಭಿಕರು ನಡುವೆ ಕೇಳಿದ ಪ್ರಶ್ನೆಗಳು ಬಂದ ಜಾಗದಲ್ಲೇ ಇವೆ.)

ಕೆಮ್ಮಣ್ಣುಗುಂಡಿಯ ಕಲ್ಲಿನಿಂದ ಶುರು ಮಾಡೋಣ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಅದಿರು ಬರುತ್ತಿದ್ದದ್ದು ಅಲ್ಲಿಂದ. ಅದರಲ್ಲಿ ಮುಖ್ಯವಾಗಿ ಇದ್ದದ್ದು ಹೆಮಟೈಟ್. ಇನ್ನೊಂದು ಕಡೆ ಕುದುರೆಮುಖ. ಅಲ್ಲಿ 2005ರ ಕೊನೆಯಲ್ಲಿ ಗಣಿಗಾರಿಕೆ ನಿಲ್ಲುವವರೆಗೂ ತೆಗೆದದ್ದು ಮ್ಯಾಗ್ನೆಟೈಟ್. ಎರಡೂ ಕಬ್ಬಿಣ ಮತ್ತು ಆಕ್ಸಿಜನ್ ಸೇರಿ ಆದವೇ. ಬೇರೆ ಧಾತು ಇಲ್ಲ. ಆದರೆ ಒರಟಾದ ಬಿಳಿ ಪಿಂಗಾಣಿಯ ಮೇಲೆ ಉಜ್ಜಿದರೆ ಹೆಮಟೈಟ್ ಕೆಂಪು ಗೆರೆ ಎಳೆಯುತ್ತದೆ, ಮ್ಯಾಗ್ನೆಟೈಟ್ ಕಪ್ಪು ಗೆರೆ. ಆಯಸ್ಕಾಂತ ಹಿಡಿದರೆ ಮ್ಯಾಗ್ನೆಟೈಟ್ ಗಟ್ಟಿಯಾಗಿ ಅಂಟುತ್ತದೆ, ಹೆಮಟೈಟ್ ಅಂಟಿತು ಅನ್ನುವ ಹಾಗೆಯೇ ಇಲ್ಲ.

ಎರಡೂ ಕಬ್ಬಿಣ, ಎರಡೂ ಆಕ್ಸಿಜನ್. ಮತ್ತೆ ವ್ಯತ್ಯಾಸ ಎಲ್ಲಿ? ಪ್ರಮಾಣದಲ್ಲಿ. ಶುದ್ಧ ಹೆಮಟೈಟ್‌ನಲ್ಲಿ ಕಬ್ಬಿಣ ತೂಕದಲ್ಲಿ ಶೇಕಡ 69.94, ಶುದ್ಧ ಮ್ಯಾಗ್ನೆಟೈಟ್‌ನಲ್ಲಿ 72.36. ಶೇಕಡ ಎರಡೂವರೆಗೂ ಕಡಿಮೆ ಅಂತರ. ನಿಮ್ಮ ಪುಸ್ತಕದಲ್ಲಿ ಮೊದಲನೆಯದಕ್ಕೆ ಕಬ್ಬಿಣ 2, ಆಕ್ಸಿಜನ್ 3 ಎಂದು ಸೂತ್ರ ಕೊಟ್ಟಿದ್ದಾರೆ. ಎರಡನೆಯದಕ್ಕೆ ಕಬ್ಬಿಣ 3, ಆಕ್ಸಿಜನ್ 4. ಇದನ್ನು ನಾವು ಉರು ಹೊಡೆಯುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ, ಮುಗಿಯಿತು. ಆದರೆ ಈ 2, 3, 4 ಯಾರೂ ಕಣ್ಣಲ್ಲಿ ನೋಡಿ ಬರೆದದ್ದಲ್ಲ. ತಕ್ಕಡಿ ಕೊಟ್ಟ ದಶಮಾಂಶದ ಸಂಖ್ಯೆಗಳನ್ನು ಯಾರೋ ಒಬ್ಬರು ಪೂರ್ಣಸಂಖ್ಯೆ ಮಾಡಿದ್ದಾರೆ. ಇವತ್ತಿನ ನನ್ನ ಮಾತೆಲ್ಲ ಆ ಒಂದು ಹೆಜ್ಜೆಯ ಬಗ್ಗೆ. ಭಾಗಾಕಾರ ಎಲ್ಲರಿಗೂ ಬರುತ್ತದೆ. ಎಲ್ಲಿ ಸಂಖ್ಯೆಯನ್ನು ಸರಿಮಾಡಬೇಕು, ಎಲ್ಲಿ ಮುಟ್ಟಬಾರದು ಅನ್ನುವುದೇ ರಸಾಯನಶಾಸ್ತ್ರ.

ಲೆಕ್ಕದ ದಾರಿ ನಿಮಗೆ ಗೊತ್ತೇ ಇದೆ, ಬೇಗ ಹೇಳಿಬಿಡುತ್ತೇನೆ. 100 ಗ್ರಾಂ ವಸ್ತು ಇದೆ ಅಂದುಕೊಳ್ಳಿ. ಆಗ ಶೇಕಡ ಅಂಕಿಯೇ ಗ್ರಾಂ ಆಗುತ್ತದೆ. ಪ್ರತಿ ಧಾತುವಿನ ಗ್ರಾಮನ್ನು ಅದರ ಪರಮಾಣು ತೂಕದಿಂದ ಭಾಗಿಸಿದರೆ ಮೋಲ್ ಸಿಗುತ್ತದೆ. ಮೋಲ್ ಅಂದರೆ ಸುಮ್ನೆ ಎಣಿಕೆಯ ಒಂದು ಅಳತೆ. ಒಂದೇ ಗಾತ್ರದ ಅಡಿಕೆಯ ಮೂಟೆಯಲ್ಲಿ ಎಷ್ಟು ಅಡಿಕೆ ಇವೆ ಎಂದು ಯಾರೂ ಕೂತು ಎಣಿಸುವುದಿಲ್ಲ, ಒಂದರ ತೂಕ ನೋಡಿ ಮೂಟೆಯ ತೂಕವನ್ನು ಭಾಗಿಸುತ್ತಾರೆ, ಅಲ್ವಾ? ಅಷ್ಟೇ. ಒಂದು ಮೋಲ್ ಅಂದರೆ 6.02214076 ಗುಣಿಸು 10ರ 23ನೇ ಘಾತದಷ್ಟು ಕಣಗಳು. 2019ರಿಂದ ಇದೇ ಅದರ ವ್ಯಾಖ್ಯೆ. ಈ ದೊಡ್ಡ ಸಂಖ್ಯೆ ನಮ್ಮ ಲೆಕ್ಕಕ್ಕೆ ಬೇಕಾಗುವುದೇ ಇಲ್ಲ. ನಮಗೆ ಬೇಕಾದದ್ದು ಅನುಪಾತ ಮಾತ್ರ.

ಹೆಮಟೈಟ್: ಕಬ್ಬಿಣ 69.94 ಭಾಗಿಸು 55.85, ಅಂದರೆ 1.252. ಆಕ್ಸಿಜನ್ 30.06 ಭಾಗಿಸು 16, ಅಂದರೆ 1.879. ಚಿಕ್ಕದರಿಂದ ದೊಡ್ಡದನ್ನು ಭಾಗಿಸಿದರೆ 1.50. ಕಬ್ಬಿಣ ಒಂದಕ್ಕೆ ಆಕ್ಸಿಜನ್ ಒಂದೂವರೆ. ಅರ್ಧ ಪರಮಾಣು ಇಲ್ಲವಲ್ಲ, ಎರಡರಿಂದ ಗುಣಿಸಿ: 2 ಮತ್ತು 3.

ಮ್ಯಾಗ್ನೆಟೈಟ್: ಕಬ್ಬಿಣ 1.296, ಆಕ್ಸಿಜನ್ 1.7275. ಅನುಪಾತ 1.333. ಇಲ್ಲಿ ತರಗತಿಯಲ್ಲಿ ಯಾವಾಗಲೂ ಮೂರು ಗುಂಪು ಆಗುತ್ತವೆ. ಒಂದು ಗುಂಪು 1.33 ಅನ್ನು 1 ಮಾಡುತ್ತದೆ. ಇನ್ನೊಂದು ಗುಂಪು 1.5ರ ಹತ್ತಿರ ಇದೆಯಲ್ಲ ಎಂದು ಹೆಮಟೈಟನ್ನೇ ಬರೆಯುತ್ತದೆ. ಮೂರನೆಯದು ಮೂರರಿಂದ ಗುಣಿಸಿ 3 ಮತ್ತು 4 ಅನ್ನುತ್ತದೆ. ಮೂರನೆಯವರಿಗೆ ಅಂಕ ಬರುತ್ತದೆ. ಆದರೆ ಅವರು ಯಾಕೆ ಸರಿ? ‘ಗೈಡಿನಲ್ಲಿ ಹಾಗಿದೆ’ ಅನ್ನುವುದು ಕಾರಣ ಅಲ್ಲ. ಅನುಪಾತ 1 ಆಗಿದ್ದರೆ ಕಬ್ಬಿಣ ಶೇಕಡ 77.73 ಇರಬೇಕಿತ್ತು. ನಮಗೆ ಸಿಕ್ಕಿದ್ದು 72.36. ಐದು ಶೇಕಡದಷ್ಟು ವ್ಯತ್ಯಾಸವನ್ನು ತಪ್ಪಿಸಿಕೊಳ್ಳುವ ತಕ್ಕಡಿ ಯಾವ ಲ್ಯಾಬಿನಲ್ಲೂ ಇರಬಾರದು. ಅಂದರೆ ಸೂತ್ರ ಬರೆದ ಮೇಲೆ ಅದರಿಂದ ಶೇಕಡ ಅಂಕಿಯನ್ನು ವಾಪಸ್ ಲೆಕ್ಕ ಹಾಕಿ, ಅಳತೆಯ ಜೊತೆ ಹೋಲಿಸಿ. ಅಂತರ ನಿಮ್ಮ ಅಳತೆಯ ದೋಷಕ್ಕಿಂತ ಜಾಸ್ತಿ ಇದ್ದರೆ ಆ ಸೂತ್ರ ಬಿದ್ದುಹೋಯಿತು. ನಾನು ನೋಡಿದ ಮಟ್ಟಿಗೆ ಈ ವಾಪಸ್ ಲೆಕ್ಕವನ್ನು ಹೇಳಿಕೊಡುವವರು ಕಡಿಮೆ. ಇಡೀ ಪಾಠದಲ್ಲಿ ಅದೇ ಮುಖ್ಯ.

ಒಬ್ಬ ಹುಡುಗಿ ಕೇಳಿದಳು: ನಿಜವಾದ ಅದಿರು ತೂಗಿದರೆ 69.94 ಬರುತ್ತದಾ? ಬರುವುದಿಲ್ಲ. ಅದಿರು ಶುದ್ಧ ಸಂಯುಕ್ತ ಅಲ್ಲ. ಅದರಲ್ಲಿ ಸಿಲಿಕಾ ಇರುತ್ತದೆ, ಜೇಡಿ ಇರುತ್ತದೆ, ನೀರು ಸೇರಿದ ಕಬ್ಬಿಣದ ಆಕ್ಸೈಡುಗಳು ಇರುತ್ತವೆ. ನಮ್ಮ ಜಂಬಿಟ್ಟಿಗೆ ಕಲ್ಲಿನ ಬಣ್ಣ ಇವುಗಳದ್ದೇ. ಮಿಶ್ರಣಕ್ಕೆ ಸೂತ್ರ ಇರುವುದಿಲ್ಲ. ಲೆಕ್ಕಕ್ಕೆ ಮೊದಲು ವಸ್ತು ಶುದ್ಧವಾಗಿದೆ ಎಂದು ಖಾತ್ರಿ ಮಾಡಿಕೊಳ್ಳುವುದು ನಿಜವಾದ ಕಷ್ಟದ ಕೆಲಸ. ಲೆಕ್ಕ ಹತ್ತು ನಿಮಿಷದ್ದು. ಶುದ್ಧ ಮಾಡುವುದು ಹತ್ತು ದಿನದ್ದೂ ಆಗಬಹುದು.

ಈಗ ಇದರ ತದ್ವಿರುದ್ಧ ಉದಾಹರಣೆ. ಊದುಕುಲುಮೆಯಲ್ಲಿ ಹೆಮಟೈಟ್ ಒಂದೇ ಸಲಕ್ಕೆ ಕಬ್ಬಿಣ ಆಗುವುದಿಲ್ಲ. ಮೊದಲು ಮ್ಯಾಗ್ನೆಟೈಟ್, ಆಮೇಲೆ ವುಸ್ಟೈಟ್ ಎಂಬ ಆಕ್ಸೈಡ್, ಕೊನೆಗೆ ಕಬ್ಬಿಣ. ಈ ವುಸ್ಟೈಟನ್ನು ಪುಸ್ತಕಗಳು ಕಬ್ಬಿಣ 1, ಆಕ್ಸಿಜನ್ 1 ಎಂದು ಬರೆಯುತ್ತವೆ. ತೂಗಿ ನೋಡಿದರೆ ಆಕ್ಸಿಜನ್ ಒಂದಕ್ಕೆ ಕಬ್ಬಿಣ ಸುಮಾರು 0.95, ಕೆಲವೊಮ್ಮೆ ಅದಕ್ಕೂ ಕಡಿಮೆ. ಇದು ತೂಕದ ತಪ್ಪಲ್ಲ. ಹರಳಿನಲ್ಲಿ ಕಬ್ಬಿಣ ಕೂರಬೇಕಾದ ಕೆಲವು ಜಾಗಗಳು ಖಾಲಿಯೇ ಇರುತ್ತವೆ. ಇಲ್ಲಿ 0.95 ಅನ್ನು 1 ಮಾಡಿದರೆ ವಸ್ತುವಿನ ಗುಣವನ್ನೇ ಅಳಿಸಿದ ಹಾಗೆ.

ಫ್ರಾನ್ಸಿನವರಾದ ಪ್ರೂಸ್ಟ್ ಮತ್ತು ಬರ್ತೊಲೆ ಎಂಬ ಇಬ್ಬರು ಇದೇ ವಿಷಯಕ್ಕೆ ವರ್ಷಗಟ್ಟಲೆ ಜಗಳ ಆಡಿದರು. ಪ್ರೂಸ್ಟ್ 1799ರಲ್ಲಿ ತಾಮ್ರದ ಕಾರ್ಬೊನೇಟ್ ತೋರಿಸಿ, ಎಲ್ಲಿಂದ ತಂದರೂ ಹೇಗೆ ಮಾಡಿದರೂ ಧಾತುಗಳ ತೂಕದ ಪ್ರಮಾಣ ಒಂದೇ ಅಂದ. ಬರ್ತೊಲೆ, ಪ್ರಮಾಣ ಬದಲಾಗಬಹುದು ಅಂದ. ಪ್ರೂಸ್ಟ್ ಗೆದ್ದ, ಅದೇ ಸ್ಥಿರ ಅನುಪಾತದ ನಿಯಮ ಆಯಿತು. ಆದರೆ ವುಸ್ಟೈಟ್‌ನಂಥ ವಸ್ತುಗಳಿಗೆ ಇವತ್ತು ಬರ್ತೊಲೈಡ್ ಅನ್ನುತ್ತಾರೆ. ಸೋತವನ ಹೆಸರು ಹೀಗೆ ಉಳಿಯಿತು. ನನಗೆ ಬರ್ತೊಲೆಯ ಬಗ್ಗೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ.

ಹಾಗಾದರೆ ಯಾವುದನ್ನು ಸರಿಮಾಡಬೇಕು, ಯಾವುದನ್ನು ಬಿಡಬೇಕು? ಇನ್ನೊಂದು ಲೆಕ್ಕ ನೋಡಿ, ಇದು ಹೆಚ್ಚಿನವರು ಬೀಳುವ ಗುಂಡಿ. ಸಕ್ಕರೆ. ನಮ್ಮ ಜೋನಿಬೆಲ್ಲದಲ್ಲೂ ಜಾಸ್ತಿ ಇರುವುದು ಇದೇ ಸುಕ್ರೋಸ್, ಜೊತೆಗೆ ಒಂದಿಷ್ಟು ಗ್ಲೂಕೋಸ್, ಫ್ರಕ್ಟೋಸ್. ಸುಕ್ರೋಸ್‌ನಲ್ಲಿ ಕಾರ್ಬನ್ ಶೇಕಡ 42.11, ಹೈಡ್ರೋಜನ್ 6.48, ಆಕ್ಸಿಜನ್ 51.41. ಮೋಲ್ ಮಾಡಿದರೆ 3.506, 6.43, 3.213. ಚಿಕ್ಕದರಿಂದ ಭಾಗಿಸಿದರೆ 1.09, 2.00, 1. ಈ 1.09 ನೋಡಿದ ತಕ್ಷಣ ಕೈ ತಾನಾಗಿ 1 ಬರೆಯುತ್ತದೆ. ಬರೆದರೆ ಕಾರ್ಬನ್ 1, ಹೈಡ್ರೋಜನ್ 2, ಆಕ್ಸಿಜನ್ 1 ಆಯಿತು. ಅದು ಗ್ಲೂಕೋಸ್‌ನ ಅನುಪಾತ, ಸಕ್ಕರೆಯದಲ್ಲ! ವಾಪಸ್ ಲೆಕ್ಕ ಹಾಕಿ: ಗ್ಲೂಕೋಸ್‌ನಲ್ಲಿ ಕಾರ್ಬನ್ ಶೇಕಡ 40. ನಮ್ಮ ಅಳತೆ 42.11. ಎರಡು ಶೇಕಡಕ್ಕಿಂತ ಜಾಸ್ತಿ ಅಂತರ, ಸಾವಯವ ವಿಶ್ಲೇಷಣೆಯಲ್ಲಿ, ಅಂದರೆ ಕಾರ್ಬನ್ ಇರುವ ಇಂಥ ವಸ್ತುಗಳನ್ನು ಅಳೆಯುವಾಗ, ಇದು ಕ್ಷಮಿಸುವಂಥದ್ದಲ್ಲ. ಸಾಮಾನ್ಯವಾಗಿ ಒಪ್ಪಿಕೊಳ್ಳುವ ಅಂತರ 0.4 ಮಾತ್ರ. ಹಾಗಾಗಿ 1.09 ಅನ್ನು ಹಾಗೇ ಇಟ್ಟುಕೊಂಡು 2, 3, 4 ಎಂದು ಗುಣಿಸುತ್ತಾ ಹೋಗಬೇಕು. 11ಕ್ಕೆ ಬಂದಾಗ ಎಲ್ಲ ಕೂಡುತ್ತದೆ: 12, 22, 11. ಇಷ್ಟು ದೂರ ಹೋಗುವ ತಾಳ್ಮೆ ಯಾರಿಗೂ ಇರುವುದಿಲ್ಲ, ನಿಜ. ಆದರೆ ಹತ್ತಿರದ ಗುಣಾಕಾರದಲ್ಲಿ ಕೂಡದೆ ಇದ್ದರೆ ಮುಂದೆ ಹೋಗಲೇಬೇಕು.

ತೋಟದವರು ಇಷ್ಟು ಹೊತ್ತು ಸುಮ್ಮನೆ ಕೂತಿದ್ದಾರೆ, ಅವರಿಗೆ ಗೊತ್ತಿರುವ ವಸ್ತುವಿಗೆ ಬರೋಣ. ಮೈಲುತುತ್ತ. ಅಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರಲ್ಲಿ ಮಿಲಾರ್ಡೆ ಇದಕ್ಕೆ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದ. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಗೊನೆಗೆ ಅದೇ ದ್ರಾವಣ ಹೊಡೆಯುವುದನ್ನು ಇಲ್ಲಿಗೆ ತಂದರು. ಇವತ್ತಿಗೂ ಮಳೆಗಾಲ ಶುರುವಾಗುವ ಮುಂಚೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ.

ಈ ನೀಲಿ ಹರಳಿನ ಧಾತುಗಳನ್ನು ಅಳೆದರೆ ತಾಮ್ರ ಶೇಕಡ 25.45, ಗಂಧಕ 12.84, ಆಕ್ಸಿಜನ್ 57.67, ಹೈಡ್ರೋಜನ್ 4.04. ಲೆಕ್ಕ ಹಾಕಿ: ತಾಮ್ರ 1, ಗಂಧಕ 1, ಆಕ್ಸಿಜನ್ 9, ಹೈಡ್ರೋಜನ್ 10. ಇದೇ ಇದರ ಪ್ರಾಯೋಗಿಕ ಸೂತ್ರ, ಎಂಪಿರಿಕಲ್ ಫಾರ್ಮುಲಾ ಅನ್ನುತ್ತೇವಲ್ಲ ಅದು. ಅಂಕಿಯೇನೋ ಸರಿ. ಆದರೆ ಇದರಲ್ಲಿ ನೀರು ಇದೆ ಎಂದು ಎಲ್ಲಿ ಕಾಣುತ್ತದೆ? ಎಲ್ಲೂ ಇಲ್ಲ. ಆ 9 ಆಕ್ಸಿಜನ್‌ನಲ್ಲಿ 4 ಗಂಧಕದ ಜೊತೆಗಿವೆ, 5 ನೀರಿನಲ್ಲಿವೆ ಎಂದು ಹೇಳಲು ತೂಕದ ಪಟ್ಟಿ ಸಾಲದು. ಅದಕ್ಕೆ ಹರಳನ್ನು ಕಾಯಿಸಬೇಕು.

ಪಿಂಗಾಣಿ ಮೂಸೆಯಲ್ಲಿ 2.50 ಗ್ರಾಂ ಪುಡಿ ಮಾಡಿದ ಮೈಲುತುತ್ತ ಹಾಕಿ ಸಣ್ಣ ಉರಿಯಲ್ಲಿ ಇಡಿ. ಮೊದಲು ಅಂಚು ಬೆಳ್ಳಗಾಗುತ್ತದೆ. ಆಮೇಲೆ ನೀಲಿ ನಡುವಿಗೆ ಸರಿಯುತ್ತಾ ಹೋಗುತ್ತದೆ. ಮೇಲೆ ತಣ್ಣಗಿನ ಗಾಜು ಹಿಡಿದರೆ ಹನಿ ಕೂರುತ್ತದೆ. ಕೊನೆಗೆ ಪೂರಾ ಬಿಳಿ ಪುಡಿ. ತಣಿಸಿ ತೂಗಿದರೆ 1.60 ಗ್ರಾಂ. ಹೋದ ನೀರು 0.90 ಗ್ರಾಂ, ಅಂದರೆ 0.050 ಮೋಲ್. ಉಳಿದ ತಾಮ್ರದ ಸಲ್ಫೇಟ್ 0.010 ಮೋಲ್. ಒಂದಕ್ಕೆ ಐದು. ಆ ಬಿಳಿ ಪುಡಿಗೆ ಒಂದು ಹನಿ ನೀರು ಬಿಡಿ, ಸುಂಯ್ ಎಂದು ಬಿಸಿಯಾಗಿ ಮತ್ತೆ ನೀಲಿ.

ಇಲ್ಲಿ ಒಂದು ಮೋಸ ಇದೆ. ಐದು ನೀರೂ ಒಟ್ಟಿಗೆ ಹೋಗುವುದಿಲ್ಲ. ನಾಲ್ಕು ನೀರು 110 ಡಿಗ್ರಿ ಸುತ್ತಮುತ್ತ ಹೊರಡುತ್ತವೆ, ಐದನೆಯದು 200 ಡಿಗ್ರಿ ದಾಟುವವರೆಗೆ ಕದಲುವುದಿಲ್ಲ. ನಾಲ್ಕು ಹೋದ ಮೇಲೇ ಪುಡಿ ಹೆಚ್ಚುಕಮ್ಮಿ ಬೆಳ್ಳಗೆ ಕಾಣುತ್ತದೆ. ಆಯಿತು ಎಂದುಕೊಂಡು ಉರಿ ಆರಿಸಿದರೆ ಮೂಸೆಯಲ್ಲಿ ಉಳಿಯುವುದು 1.78 ಗ್ರಾಂ. ಅದನ್ನೆಲ್ಲ ಒಣ ತಾಮ್ರದ ಸಲ್ಫೇಟ್ ಎಂದುಕೊಂಡು ಲೆಕ್ಕ ಹಾಕಿದರೆ ಉತ್ತರ 3.58. ಈಗ ಹುಡುಗರು ಏನು ಮಾಡುತ್ತಾರೆ? 4 ಬರೆಯುತ್ತಾರೆ. ಅಥವಾ ಪುಸ್ತಕ ನೋಡಿ 5 ಬರೆಯುತ್ತಾರೆ. ಎರಡೂ ಸುಳ್ಳು. 3.58 ಅನ್ನುವ ಅಂಕಿ ನಿಮಗೆ ಒಂದು ಸುದ್ದಿ ಹೇಳುತ್ತಿದೆ: ಕೆಲಸ ಮುಗಿದಿಲ್ಲ, ಇನ್ನೂ ಕಾಯಿಸು. ಕಾಯಿಸಿ, ತಣಿಸಿ, ತೂಗಿ, ಮತ್ತೆ ಕಾಯಿಸಿ, ಮತ್ತೆ ತೂಗಿ. ಎರಡು ತೂಕ ಒಂದೇ ಬಂದ ಮೇಲೆ ಲೆಕ್ಕಕ್ಕೆ ಕೂರಿ. ಹಾಗೆಂದು ಮೂಸೆ ಕೆಂಪಗೆ ಕಾಯುವಷ್ಟು ಉರಿ ಕೊಟ್ಟರೆ ಸಲ್ಫೇಟೇ ಒಡೆದು ಕಪ್ಪು ತಾಮ್ರದ ಆಕ್ಸೈಡ್ ಆಗಲು ಶುರುವಾಗುತ್ತದೆ. ಆಗ ಉತ್ತರ 5ಕ್ಕಿಂತ ಜಾಸ್ತಿ ಬರುತ್ತದೆ.

ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯರು ಇಲ್ಲಿ ಕೇಳಿದರು: ಹೋದ ವರ್ಷದ ಮೈಲುತುತ್ತ ಬಿಳಿಯಾಗಿದೆ, ಹಾಳಾಯಿತಾ? ಇಲ್ಲ. ನೀರು ಕಳೆದುಕೊಂಡಿದೆ ಅಷ್ಟೇ. ಆದರೆ ಅಳತೆ ಬದಲಾಗುತ್ತದೆ. ನೀಲಿ ಹರಳು ಒಂದು ಕಿಲೋದಲ್ಲಿ ತಾಮ್ರ 254 ಗ್ರಾಂ. ಪೂರ್ತಿ ಒಣಗಿದ ಬಿಳಿ ಪುಡಿ ಒಂದು ಕಿಲೋದಲ್ಲಿ 398 ಗ್ರಾಂ. ಅದನ್ನೇ ಕಿಲೋ ಲೆಕ್ಕದಲ್ಲಿ ಹಾಕಿದರೆ ಸುಣ್ಣ ಸಾಲದೆ ಹೋಗಬಹುದು. ನೀವು ಮಾಡುವ ಪರೀಕ್ಷೆ ಇದೆಯಲ್ಲ, ದ್ರಾವಣದಲ್ಲಿ ಕಬ್ಬಿಣದ ಕತ್ತಿ ಅದ್ದಿ ಕೆಂಪಗೆ ತಾಮ್ರ ಹತ್ತುತ್ತದಾ ನೋಡುವುದು, ಅದನ್ನು ಬಿಡಬೇಡಿ. ಕೆಂಪು ಹತ್ತಿದರೆ ಬಿಡಿ ತಾಮ್ರ ಉಳಿದಿದೆ, ಇನ್ನಷ್ಟು ಸುಣ್ಣದ ತಿಳಿ ಹಾಕಬೇಕು. ಬರೀ ಮೇಲ್ಪದರ ಬಿಳಿಯಾಗಿದ್ದರೆ ಲೆಕ್ಕ ಈ ಎರಡು ಅಂಕಿಗಳ ನಡುವೆ ಎಲ್ಲೋ ಇರುತ್ತದೆ, ಆಗಂತೂ ಕತ್ತಿಯೇ ಗತಿ.

ಇಲ್ಲಿಯವರೆಗೆ ನೋಡಿದ್ದರಲ್ಲಿ ಸಕ್ಕರೆ ಬಿಟ್ಟರೆ ಯಾವುದಕ್ಕೂ ಅಣು ಎಂಬುದೇ ಇಲ್ಲ. ಹೆಮಟೈಟ್, ಮೈಲುತುತ್ತ ಎಲ್ಲ ಅಯಾನುಗಳು ಸಾಲುಸಾಲಾಗಿ ಕೂತ ಹರಳು. ಅವಕ್ಕೆ ಅನುಪಾತವೇ ಸೂತ್ರ. ಅಣುಗಳಿರುವ ವಸ್ತುಗಳಿಗೆ ಬಂದಾಗ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ, ಅದಕ್ಕೆ ಮತ್ತೆ ಭದ್ರಾವತಿಗೆ ಹೋಗಬೇಕು.

ಕುಲುಮೆಗೆ ಇದ್ದಿಲು ಬೇಕಿತ್ತು, ಇದ್ದಿಲಿಗೆ ಕಾಡಿನ ಮರ. ಮರವನ್ನು ಗಾಳಿ ಇಲ್ಲದೆ ಕಾಯಿಸಿದಾಗ ಬರುವ ಹೊಗೆಯನ್ನು ಸುಮ್ನೆ ಬಿಡದೆ ಭಟ್ಟಿ ಇಳಿಸುವ ಘಟಕ ಅಲ್ಲಿತ್ತು. ಅದರಿಂದ ಮರದ ಮದ್ಯ ಅಂದರೆ ಮೆಥನಾಲ್, ಟಾರು, ಮತ್ತು ಹುಳಿ ನೀರಿಗೆ ಸುಣ್ಣ ಸೇರಿಸಿ ಮಾಡಿದ ಕ್ಯಾಲ್ಸಿಯಂ ಅಸಿಟೇಟ್ ಸಿಗುತ್ತಿದ್ದವು. ಕಾಡು ಎಷ್ಟು ಹೋಯಿತು ಎಂಬುದು ಬೇರೆಯೇ ಕಥೆ, ಇವತ್ತು ಅದನ್ನು ಎತ್ತುವುದಿಲ್ಲ. ಆ ಹುಳಿಯ ಸಾರ ಅಸಿಟಿಕ್ ಆಮ್ಲ.

60 ಮಿಲಿಗ್ರಾಂ ಶುದ್ಧ ಅಸಿಟಿಕ್ ಆಮ್ಲವನ್ನು ಆಕ್ಸಿಜನ್‌ನಲ್ಲಿ ಪೂರ್ತಿ ಸುಟ್ಟರೆ 88 ಮಿಲಿಗ್ರಾಂ ಕಾರ್ಬನ್ ಡೈಆಕ್ಸೈಡ್, 36 ಮಿಲಿಗ್ರಾಂ ನೀರು. ಇದನ್ನು ಸಾಮಾನ್ಯ ಲ್ಯಾಬಿನ ಕೆಲಸ ಮಾಡಿದವನು ಜರ್ಮನಿಯ ಲೀಬಿಗ್. ಅವನು 1831ರಲ್ಲಿ ಐದು ಗುಂಡುಗಳಿರುವ ಒಂದು ಗಾಜಿನ ಉಪಕರಣ ಮಾಡಿದ. ಸುಟ್ಟ ಅನಿಲ ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ಮೂಲಕ ಹೋಗಿ ನೀರು ಬಿಡುತ್ತದೆ, ಆಮೇಲೆ ಪೊಟ್ಯಾಷ್ ದ್ರಾವಣ ತುಂಬಿದ ಗುಂಡುಗಳಲ್ಲಿ ಗುಳುಗುಳು ಎಂದು ಹಾದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಎರಡನ್ನೂ ಮೊದಲು, ಆಮೇಲೆ ತೂಗಿದರೆ ಮುಗಿಯಿತು. 88 ಮಿಲಿಗ್ರಾಂನಲ್ಲಿ ಕಾರ್ಬನ್ 24, 36 ಮಿಲಿಗ್ರಾಂ ನೀರಿನಲ್ಲಿ ಹೈಡ್ರೋಜನ್ 4. ಒಟ್ಟು 28. ಉಳಿದ 32 ಆಕ್ಸಿಜನ್. ಗಮನಿಸಿ, ಆಕ್ಸಿಜನ್ನನ್ನು ಯಾರೂ ಅಳೆಯಲಿಲ್ಲ, ಕಳೆದು ಪಡೆದೆವು. ಹಾಗಾಗಿ ಬೇರೆ ಎರಡು ಅಳತೆಗಳ ತಪ್ಪೆಲ್ಲ ಅದರ ತಲೆಗೆ ಬರುತ್ತದೆ. ಅನುಪಾತ 1, 2, 1. ಅಂದರೆ ಸಿಎಚ್2ಒ.

ಈಗ ಮೊಸರಿನ ಹುಳಿ ತೆಗೆದುಕೊಳ್ಳಿ, ಲ್ಯಾಕ್ಟಿಕ್ ಆಮ್ಲ. ಅದೂ ಸಿಎಚ್2ಒ. ಗ್ಲೂಕೋಸ್? ಅದೂ. ಫಾರ್ಮಾಲಿನ್ ಒಳಗಿನ ಫಾರ್ಮಾಲ್ಡಿಹೈಡ್? ಅದೂ ಅದೇ. ಒಂದು ಹೆಣ ಕೆಡದ ಹಾಗೆ ಇಡುತ್ತದೆ, ಇನ್ನೊಂದನ್ನು ಊಟಕ್ಕೆ ಹಾಕಿಕೊಳ್ಳುತ್ತೇವೆ. ನಾಲ್ಕಕ್ಕೂ ಕಾರ್ಬನ್ ಶೇಕಡ 40. ಎಷ್ಟೇ ನಾಜೂಕಾದ ತಕ್ಕಡಿ ತಂದರೂ ಸುಟ್ಟು ತೂಗಿ ಇವುಗಳನ್ನು ಬೇರೆ ಮಾಡಲು ಆಗುವುದಿಲ್ಲ. ಇಲ್ಲಿ ತಕ್ಕಡಿಯ ಕೆಲಸ ಮುಗಿಯಿತು. ಅಣುವಿನ ತೂಕ ಬೇರೆ ದಾರಿಯಿಂದ ಬರಬೇಕು. ಅದನ್ನು ಸಿಎಚ್2ಒ ತೂಕವಾದ 30ರಿಂದ ಭಾಗಿಸಿದರೆ ಎಷ್ಟು ಪಟ್ಟು ಎಂದು ತಿಳಿಯುತ್ತದೆ. ಫಾರ್ಮಾಲ್ಡಿಹೈಡ್ 30, ಒಂದು ಪಟ್ಟು. ಅಸಿಟಿಕ್ 60, ಎರಡು. ಲ್ಯಾಕ್ಟಿಕ್ 90, ಮೂರು. ಗ್ಲೂಕೋಸ್ 180, ಆರು.

ಆ ಬೇರೆ ದಾರಿಯೂ ಅಷ್ಟು ಸಲೀಸಲ್ಲ. ಅಸಿಟಿಕ್ ಆಮ್ಲವನ್ನು ಆವಿ ಮಾಡಿ ಸಾಂದ್ರತೆ ಅಳೆದರೆ, ಅದು ಕುದಿಯುವ 118 ಡಿಗ್ರಿ ಹತ್ತಿರ ಅಣುತೂಕ 60ಕ್ಕಿಂತ ತುಂಬಾ ಜಾಸ್ತಿ ಬರುತ್ತದೆ. ಬೆಂಜೀನ್‌ನಲ್ಲಿ ಕರಗಿಸಿ, ಆ ಬೆಂಜೀನ್ ಹೆಪ್ಪುಗಟ್ಟುವ ಉಷ್ಣತೆ ಎಷ್ಟು ಇಳಿಯಿತು ನೋಡಿದರೆ ಹೆಚ್ಚುಕಮ್ಮಿ 120. ನೀರಿನಲ್ಲಿ ಕರಗಿಸಿ ಅದೇ ಪರೀಕ್ಷೆ ಮಾಡಿದರೆ 60ರ ಹತ್ತಿರ. ಯಾವುದನ್ನು ನಂಬುವುದು? ಎಲ್ಲವೂ ನಿಜವೇ. ಎರಡು ಅಸಿಟಿಕ್ ಅಣುಗಳು ಹೈಡ್ರೋಜನ್ ಬಂಧದಿಂದ ಜೋಡಿಯಾಗುತ್ತವೆ. ಬೆಂಜೀನ್‌ನಲ್ಲಿ ಆ ಜೋಡಿ ಉಳಿಯುತ್ತದೆ, ನೀರಿನಲ್ಲಿ ಬಿಡುತ್ತದೆ. ಆವಿಯನ್ನು 250 ಡಿಗ್ರಿ ಹತ್ತಿರಕ್ಕೆ ಕಾಯಿಸಿದರೆ ಅಲ್ಲೂ ಜೋಡಿ ಬಿಟ್ಟು 60ಕ್ಕೆ ಬರುತ್ತದೆ. ಅಣುತೂಕ ಎಂದು ಯಾರಾದರೂ ಒಂದು ಅಂಕಿ ಕೊಟ್ಟರೆ, ‘ಯಾವುದರಲ್ಲಿ ಕರಗಿಸಿ ಅಳೆದಿರಿ?’ ಎಂದು ಕೇಳುವುದು ಮರ್ಯಾದೆಗೇಡಿ ಪ್ರಶ್ನೆ ಅಲ್ಲ.

ಈ ಗೊಂದಲ ಹಿಂದೆ ಎಷ್ಟಿತ್ತು ಅಂದರೆ, ಡಾಲ್ಟನ್ ನೀರಿನಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಎಂದೇ ಬರೆದಿದ್ದ. ತೂಕ ಅಳೆದದ್ದರಿಂದ ಅದು ಸುಳ್ಳು ಎಂದು ತೋರಿಸಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಆಕ್ಸಿಜನ್‌ನ ಪರಮಾಣು ತೂಕ 8 ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಅವೊಗಾಡ್ರೊ 1811ರಲ್ಲೇ ದಾರಿ ಹೇಳಿದ್ದ, ಕೇಳುವವರು ಇರಲಿಲ್ಲ. ಕ್ಯಾನಿಜ್ಜಾರೊ 1858ರಲ್ಲಿ ಅದನ್ನು ಮತ್ತೆ ಎತ್ತಿದ. ಕಾರ್ಲ್ಸ್‌ರೂಹೆಯಲ್ಲಿ 1860ರಲ್ಲಿ ನಡೆದ ಸಭೆಯ ಆಮೇಲೆ ನಿಧಾನವಾಗಿ ಎಲ್ಲರೂ ಒಪ್ಪಿದರು. ಕೆಕುಲೆ 1861ರಲ್ಲಿ ಬರೆದ ಪುಸ್ತಕದಲ್ಲಿ ನಮ್ಮ ಈ ಬಡಪಾಯಿ ಅಸಿಟಿಕ್ ಆಮ್ಲ ಒಂದಕ್ಕೇ 19 ಬಗೆಯ ಸೂತ್ರಗಳ ಪಟ್ಟಿ ಇದೆ!

ಕೊನೆಯ ಉದಾಹರಣೆ ಕಾಳುಮೆಣಸು. ಅದರ ಖಾರದ ವಸ್ತು ಪೈಪರಿನ್. ಅದನ್ನು 1819ರಲ್ಲಿ ಬೇರ್ಪಡಿಸಿದವನು ಅರ್ಸ್ಟೆಡ್. ಮರುವರ್ಷ ವಿದ್ಯುತ್ ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ಅಲ್ಲಾಡಿಸುತ್ತದೆ ಎಂದು ತೋರಿಸಿದವನೂ ಅವನೇ. ಪೈಪರಿನ್‌ನಲ್ಲಿ ಕಾರ್ಬನ್ ಶೇಕಡ 71.56, ಹೈಡ್ರೋಜನ್ 6.71, ನೈಟ್ರೋಜನ್ 4.91, ಆಕ್ಸಿಜನ್ 16.82. ಮೋಲ್ ಮಾಡಿ ಚಿಕ್ಕದಾದ ನೈಟ್ರೋಜನ್‌ನಿಂದ ಭಾಗಿಸಿದರೆ 17, 19, 1, 3. ಸೊಗಸಾಗಿ ಕೂತಿತು.

ಆದರೆ ಇದು ಪುಸ್ತಕದ ಲೆಕ್ಕ. ಲ್ಯಾಬಿನಲ್ಲಿ ನೈಟ್ರೋಜನ್ 4.91 ಬದಲು 5.00 ಬಂತು ಅಂದುಕೊಳ್ಳಿ. ಇದು ತಪ್ಪು ಅನ್ನುವಷ್ಟು ದೊಡ್ಡ ಅಂತರವೇ ಅಲ್ಲ. ಆಗ ಕಾರ್ಬನ್ 16.7, ಹೈಡ್ರೋಜನ್ 18.65. 4.80 ಬಂದರೆ ಕಾರ್ಬನ್ 17.4, ಹೈಡ್ರೋಜನ್ 19.4. ಹೈಡ್ರೋಜನ್ 18 ಇರಬೇಕಾ, 19 ಇರಬೇಕಾ, 20 ಇರಬೇಕಾ? ಹೇಳಲಾಗದು. ಯಾಕೆ ಹೀಗಾಯಿತು? ಎಲ್ಲಕ್ಕಿಂತ ಚಿಕ್ಕದಾದ, ಎಲ್ಲಕ್ಕಿಂತ ಅನುಮಾನದ ಅಂಕಿಯಿಂದ ಉಳಿದ ಎಲ್ಲವನ್ನೂ ಭಾಗಿಸಿದೆವು. ಅದರ ದೋಷ 17 ಪಟ್ಟು, 19 ಪಟ್ಟು ಹಿಗ್ಗಿತು. ಪರೀಕ್ಷೆಗೆ ‘ಚಿಕ್ಕದರಿಂದ ಭಾಗಿಸು’ ಎಂಬ ನಿಯಮ ಸರಿ. ದೊಡ್ಡ ಅಣುಗಳಿಗೆ ಅದು ಕೆಟ್ಟ ನಿಯಮ.

ಅಣುತೂಕ ಗೊತ್ತಿದ್ದರೆ ದಾರಿ ತಿರುಗಿಸಿ. ಪೈಪರಿನ್‌ನದು 285. ಅದರಲ್ಲಿ ಶೇಕಡ 71.56 ಕಾರ್ಬನ್, ಅಂದರೆ ಸುಮಾರು 204. ಅದನ್ನು 12.01ರಿಂದ ಭಾಗಿಸಿದರೆ 17. ಕಾರ್ಬನ್ ಅಳತೆಯಲ್ಲಿ 0.4 ಆಚೀಚೆ ಆದರೂ ಉತ್ತರ 16.9 ಮತ್ತು 17.1ರ ನಡುವೆಯೇ ಇರುತ್ತದೆ. ನೈಟ್ರೋಜನ್ 5.00 ಬಂದಿದ್ದರೂ 285ರ ಶೇಕಡ 5 ಅಂದರೆ 14.25, ಅದು ಒಂದೇ ನೈಟ್ರೋಜನ್, ಅನುಮಾನವೇ ಇಲ್ಲ. ಇನ್ನೂ ಒಂದು ಸುಳಿವಿದೆ. ಇಂಥ ಸಾವಯವ ಅಣುಗಳಲ್ಲಿ ಅಣುತೂಕ ಬೆಸ ಸಂಖ್ಯೆಯಾದರೆ ನೈಟ್ರೋಜನ್‌ನ ಎಣಿಕೆಯೂ ಬೆಸ. 285 ಬೆಸ.

ಒಬ್ಬ ಮೇಷ್ಟ್ರು ಕೇಳಿದರು: ಈಗ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಇದೆ, ಸುಟ್ಟು ತೂಗುವುದು ಇನ್ನೂ ಬೇಕಾ? ಒಳ್ಳೆಯ ಯಂತ್ರ ಪೈಪರಿನ್‌ನ ರಾಶಿಯನ್ನು 285.136 ಎಂದು ದಶಮಾಂಶದ ಜೊತೆ ಕೊಡುತ್ತದೆ. 285 ಕೊಡುವ ಬೇರೆ ಬೇರೆ ಸೂತ್ರಗಳಿಗೆ ಆ ದಶಮಾಂಶ ಬೇರೆ ಬೇರೆ, ಹಾಗಾಗಿ ಸೂತ್ರ ಬಹುಪಾಲು ನೇರವಾಗಿ ಸಿಗುತ್ತದೆ. ಆದರೆ ಯಂತ್ರ ನೋಡುವುದು ಅಣುವನ್ನು, ನಿಮ್ಮ ಬಾಟಲಿಯನ್ನಲ್ಲ. ಬಾಟಲಿಯಲ್ಲಿ ಅರ್ಧ ಉಪ್ಪೋ ಒದ್ದೆಯೋ ಇದ್ದರೂ ಅದು 285.136 ಅನ್ನೇ ತೋರಿಸಬಹುದು. ಸುಟ್ಟು ತೂಗಿದರೆ ಬಾಟಲಿಯ ಬಣ್ಣ ಬಯಲಾಗುತ್ತದೆ. ಅದಕ್ಕೇ ಹೊಸ ಸಂಯುಕ್ತ ಮಾಡಿದವರಿಂದ ಎರಡನ್ನೂ ಕೇಳುವ ವಿಜ್ಞಾನ ಪತ್ರಿಕೆಗಳು ಇನ್ನೂ ಇವೆ.

ಕೊನೆಗೆ ಒಬ್ಬ ಗೃಹಿಣಿ ಕೇಳಿದ ಪ್ರಶ್ನೆ. ಗಾಜಿನ ಡಬ್ಬಿಯಲ್ಲಿ ಕಿಟಕಿ ಹತ್ತಿರ ಇಟ್ಟ ಕಾಳುಮೆಣಸಿನ ಪುಡಿ ಯಾಕೆ ಸಪ್ಪೆಯಾಗುತ್ತದೆ, ಖಾರ ಆವಿಯಾಗುತ್ತದಾ? ಘಮ ಆವಿಯಾಗುತ್ತದೆ. ಖಾರ ಅಷ್ಟು ಸುಲಭಕ್ಕೆ ಆವಿಯಾಗುವ ವಸ್ತುವಲ್ಲ. ಬೆಳಕು ಬಿದ್ದಾಗ ಪೈಪರಿನ್ ಅಣು ಒಂದು ಕಡೆ ಮಗುಚಿಕೊಂಡು ಐಸೊಚಾವಿಸಿನ್ ಆಗಬಹುದು, ಅದಕ್ಕೆ ರುಚಿ ಇಲ್ಲ ಅನ್ನುವಷ್ಟು ಕಡಿಮೆ. ಅದರ ಅಣುಸೂತ್ರ? ಕಾರ್ಬನ್ 17, ಹೈಡ್ರೋಜನ್ 19, ನೈಟ್ರೋಜನ್ 1, ಆಕ್ಸಿಜನ್ 3. ಶೇಕಡ ಅದೇ, ಅಣುತೂಕ ಅದೇ, ಯಂತ್ರ ಕೊಡುವ ದಶಮಾಂಶವೂ ಅದೇ. ನಾಲಿಗೆಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಡಬ್ಬಿಯನ್ನು ಕಪಾಟಿನೊಳಗೆ ಇಡಿ. ಸಾಧ್ಯವಾದರೆ ಪುಡಿ ಮಾಡದೆ ಕಾಳಾಗೇ ಇಟ್ಟು, ಬೇಕಾದಾಗ ಕುಟ್ಟಿಕೊಳ್ಳಿ.